ಬೇಲಿಗೂಟದ ಹೆಲ್ಮೆಟ್

ವರ್ನಾ ಡಗನ್ ಬಗ್ಗೆ ನಮ್ಮ ಟಾರ್ಬೆಟ್ ಊರಿನ ಪತ್ರಿಕೆ ಈ ಅರವತ್ತನಾಲ್ಕು ವರ್ಷಗಳಲ್ಲಿ ಮೂರು ಸಲ ಬರೆದಿತ್ತು. ಅವಳು ಹುಟ್ಟಿದಾಗ ಒಮ್ಮೆ, ಗಂಡ ಲೆಸ್ ತೀರಿಕೊಂಡಾಗ ಒಮ್ಮೆ. ಮೂರನೆಯ ಸಲ ಹೆಸರು ಹಾಕಿರಲಿಲ್ಲ, ‘ಸೈಕಲ್ ಸವಾರಳು’ ಎಂದಷ್ಟೇ ಇತ್ತು. ಆದರೆ ಆ ವಯಸ್ಸಿನಲ್ಲಿ ದಿನಾ ಸೈಕಲ್ ತುಳಿಯುವ ಹೆಂಗಸು ಊರಿಗೆಲ್ಲ ಒಬ್ಬಳೇ ಆದ್ದರಿಂದ ಯಾರೆಂದು ಎಲ್ಲರಿಗೂ ಗೊತ್ತಾಯಿತು. ನಾಲ್ಕನೆಯ ಸಲ ಮೂರೇ ಮೂರು ಸಾಲು ಬರೆಸಲು ಅವಳೂ ನಾನೂ ಐದು ವಾರ ಒದ್ದಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವರ್ನಾ ನಮ್ಮ ಶಾಲೆಯ ಮುಂದೆ ಮಕ್ಕಳಿಗೆ ರಸ್ತೆ ದಾಟಿಸುವವಳು. ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನ ಮುಕ್ಕಾಲು ಗಂಟೆ. ಕಿತ್ತಳೆ ಬಣ್ಣದ ಮಿಂಚುವ ಕೋಟು, ‘ನಿಲ್ಲಿ’ ಎಂದು ಬರೆದ ಗುಂಡು ಹಲಗೆಯ ಉದ್ದ ಕೋಲು. ಅದಕ್ಕೆ ಮುಂಚೆ ಮೂವತ್ತೊಂದು ವರ್ಷ ಹಾಲಿನಪುಡಿ ಕಾರ್ಖಾನೆಯಲ್ಲಿ ಚೀಲ ತುಂಬುವ ಸಾಲಿನಲ್ಲಿ ನಿಂತಿದ್ದಳು. ಕಾರ್ಖಾನೆಗೂ ಸೈಕಲ್ಲೇ, ಈಗಲೂ ಸೈಕಲ್ಲೇ. ಲೆಸ್‌ಗೆ ಕಾರಿತ್ತು, ಅವನು ಹೋದ ಮೇಲೆ ಅದನ್ನು ತಂಗಿಯ ಮಗಳಿಗೆ ಕೊಟ್ಟುಬಿಟ್ಟಳು. ಕಾರಿನಲ್ಲಿ ಕೂತರೆ ಊರಿನ ವಾಸನೆ ಬರುವುದಿಲ್ಲ ಎನ್ನುತ್ತಾಳೆ. ನಮ್ಮೂರಿನ ವಾಸನೆ ಎಂದರೆ ಬಹುಪಾಲು ಸಗಣಿ.

ಒಂಬತ್ತು ವರ್ಷದಲ್ಲಿ ಅವಳ ಕೈಕೆಳಗೆ ಒಂದು ಮಗುವಿನ ಮೊಣಕಾಲೂ ತರಚಿಲ್ಲ. ನನ್ನ ದೊಡ್ಡವಳು ಎಡೀ ಈ ವರ್ಷ ಶಾಲೆಗೆ ಸೇರಿದಾಗ ಮೂರು ದಿನ ಅತ್ತಳು. ನಾಲ್ಕನೆಯ ದಿನ ವರ್ನಾ ಅವಳನ್ನು ನಿಲ್ಲಿಸಿ, “ಇಲ್ಲಿ ನೋಡಮ್ಮ, ಈ ಕೋಲು ಒಂದೇ ಕೈಲಿ ಹಿಡಿಯೋಕೆ ಭಾರ. ದಾಟೋವರೆಗೂ ಈ ತುದಿ ಹಿಡ್ಕೋ,” ಎಂದಳು. ಆಮೇಲೆ ಅಳು ನಿಂತಿತು. ಕೋಲು ಭಾರವೇನೂ ಇಲ್ಲ, ನಾನೇ ಎತ್ತಿ ನೋಡಿದ್ದೇನೆ.

ಸೆಪ್ಟೆಂಬರಿನ ಆ ಗುರುವಾರ ನಾವು ಶಾಲೆಗೆ ಹೋದಾಗ ವರ್ನಾ ಇರಲಿಲ್ಲ. ಮುಖ್ಯೋಪಾಧ್ಯಾಯಿನಿಯೇ ಕೋಟು ತೊಟ್ಟು ಕೋಲು ತಿರುಗಾಮುರುಗಾ ಹಿಡಿದು ನಿಂತಿದ್ದರು. ಯಾರಿಗೂ ಏನೂ ಗೊತ್ತಿರಲಿಲ್ಲ. ಸಂಜೆ ಕೂಸು ನೆಲ್‌ಗೆ ಹಾಲೂಡಿಸುತ್ತಾ ಫೋನು ತೆಗೆದರೆ ಪತ್ರಿಕೆಯ ಫೇಸ್‌ಬುಕ್ ಪುಟದಲ್ಲಿ ಹೀಗಿತ್ತು:

‘ಸೈಕಲ್ ಸವಾರಳು ಆಸ್ಪತ್ರೆಗೆ. ಗುರುವಾರ ಬೆಳಿಗ್ಗೆ ಟಾರ್ಬೆಟ್ ಬಳಿ ಹೆದ್ದಾರಿಯಲ್ಲಿ ಯೂಟ್ ಒಂದಕ್ಕೆ ಡಿಕ್ಕಿಯಾಗಿ ಅರವತ್ತರ ಆಸುಪಾಸಿನ ಸೈಕಲ್ ಸವಾರಳು ಗಾಯಗೊಂಡಿದ್ದಾರೆ. ಅವರು ಹೆಲ್ಮೆಟ್ ಧರಿಸಿರಲಿಲ್ಲ. ಪ್ರಖರ ಬಿಸಿಲು ಕಾರಣವಿರಬಹುದು. ಸವಾರರು ಎದ್ದು ಕಾಣುವ ಬಟ್ಟೆ ತೊಡಬೇಕೆಂದು ಪೊಲೀಸರು ನೆನಪಿಸಿದ್ದಾರೆ. ಯೂಟಿಗೆ ಅಲ್ಪಸ್ವಲ್ಪ ಹಾನಿಯಾಗಿದೆ.’

ಯೂಟ್ ಎಂದರೆ ಹಿಂದೆ ತೆರೆದ ತೊಟ್ಟಿಯಿರುವ ಗಾಡಿ, ನಮ್ಮ ಕಡೆ ಮನೆಗೊಂದಿರುತ್ತದೆ. ಜೊತೆಗೊಂದು ಚಿತ್ರ. ಎಲ್ಲಿಯದೋ ಪೇಟೆಯ ರಸ್ತೆ, ಯಾರದೋ ರೇಸು ಸೈಕಲ್ಲಿನ ಸೊಟ್ಟ ಚಕ್ರ. ಕೆಳಗೆ ನೂರ ನಲವತ್ತು ಜನರ ಮಾತು. ‘ಇವರೆಲ್ಲ ರಸ್ತೆ ತೆರಿಗೆ ಕಟ್ಟುತ್ತಾರಾ?’ ‘ಬಿಗಿ ಚಡ್ಡಿ ಹಾಕಿಕೊಂಡರೆ ರಸ್ತೆ ಇವರಪ್ಪನದಾ?’ ವರ್ನಾ ತೊಡುವುದು ಲೆಸ್‌ನ ಹಳೆಯ ಪ್ಯಾಂಟು ಮತ್ತು ರಬ್ಬರ್ ಬೂಟು. ‘ಹೆಲ್ಮೆಟ್ ಇಲ್ಲ ಅಂದಮೇಲೆ ಯಾರನ್ನು ದೂರಬೇಕು?’ ಎಂದು ಒಬ್ಬಳು ಬರೆದಿದ್ದಳು. ಅವಳ ಇಬ್ಬರು ಮಕ್ಕಳನ್ನು ವರ್ನಾ ಐದು ವರ್ಷ ರಸ್ತೆ ದಾಟಿಸಿದ್ದಾಳೆ.

ನಾನೂ, ಸತ್ಯ ಹೇಳಬೇಕೆಂದರೆ, ‘ಅಯ್ಯೋ ವರ್ನಾ, ಯಾಕೆ ಹಾಕಿಕೊಳ್ಳಲಿಲ್ಲ?’ ಎಂದುಕೊಂಡೆ. ಪತ್ರಿಕೆಯಲ್ಲಿ ಬಂದಿದೆಯಲ್ಲ. ಮಲಗುವ ಮುಂಚೆ ದಿನಚರಿಯಲ್ಲಿ ಹಾಗೆಯೇ ಬರೆದೂ ಬರೆದೆ.

ಗುದ್ದಿದವನು ಗ್ರಾಂಟ್ ಪರ್ಡಿ. ಊರಿನ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ, ಬೇಲಿ ಹಾಕಿಸುವ ಕೆಲಸ ಮಾಡಿಸುತ್ತಾನೆ. ಇದೂ ಎಲ್ಲರಿಗೂ ಗೊತ್ತಾಯಿತು, ಯಾರೂ ಬಾಯಿ ಬಿಡಲಿಲ್ಲ. ಕೆಟ್ಟವನಲ್ಲ. ಆಂಬುಲೆನ್ಸಿಗೆ ಫೋನು ಮಾಡಿದ್ದೂ ಅವನೇ, ಬರುವವರೆಗೆ ಅವಳ ಪಕ್ಕ ಕೂತಿದ್ದವನೂ ಅವನೇ. ಆಮೇಲೆ ಸೈಕಲ್ಲನ್ನು ಯೂಟಿನ ಹಿಂದಿನ ತೊಟ್ಟಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟುಹೋದ. ಪಕ್ಕದ ಊರಿನಿಂದ ಪೊಲೀಸ್ ಬರುವಷ್ಟರಲ್ಲಿ ಹತ್ತು ಗಂಟೆ, ರಸ್ತೆಯಲ್ಲಿ ನೋಡಲು ಏನೂ ಉಳಿದಿರಲಿಲ್ಲ.

ವರ್ನಾಗೆ ಭುಜದ ಹತ್ತಿರದ ಕೊರಳೆಲುಬು ಮುರಿದಿತ್ತು. ತಲೆಗೆ ಪೆಟ್ಟು ಬಿದ್ದು ಆ ಬೆಳಗಿನ ಒಂದೂ ನೆನಪಿರಲಿಲ್ಲ. ನಾಲ್ಕು ದಿನಕ್ಕೆ ಮನೆಗೆ ಕಳಿಸಿದರು. ಮನೆಗೆ ಬಂದ ಮಾರನೆಯ ದಿನವೇ ಅವಳಿಗೆ ಸಂಬಳ ಕೊಡುವ ಊರಿನ ಕೌನ್ಸಿಲ್‌ನಿಂದ ಕಾಗದ ಬಂತು. ಒಬ್ಬ ಪೋಷಕರು ಪತ್ರಿಕೆಯ ವರದಿ ಲಗತ್ತಿಸಿ ದೂರು ಕೊಟ್ಟಿದ್ದಾರೆ, ಸೈಕಲ್ಲಿಗೂ ಹೆಲ್ಮೆಟ್ ಕಡ್ಡಾಯ, ರಸ್ತೆ ದಾಟಿಸುವವರು ಮಕ್ಕಳಿಗೆ ಮಾದರಿಯಾಗಿರಬೇಕು, ವಿಷಯ ಸ್ಪಷ್ಟವಾಗುವವರೆಗೆ ಕೆಲಸಕ್ಕೆ ಬರುವುದು ಬೇಡ, ಅಕ್ಟೋಬರ್ ಕೊನೆಯೊಳಗೆ ಸ್ಪಷ್ಟವಾಗದಿದ್ದರೆ ಬೇರೆಯವರನ್ನು ನೇಮಿಸಿಕೊಳ್ಳುತ್ತೇವೆ.

ಅಪಘಾತವಾಗಿ ಹನ್ನೊಂದನೆಯ ದಿನ ನಾನು ಕೂಸನ್ನು ಸೊಂಟಕ್ಕೇರಿಸಿಕೊಂಡು ಟ್ಯೂನಾ ಮೀನು ಹಾಕಿ ಬೇಯಿಸಿದ ಪಾಸ್ತಾ ತೆಗೆದುಕೊಂಡು ಅವಳ ಮನೆಗೆ ಹೋದೆ. ಅಡಿಗೆಮನೆಯ ಮೇಜಿನ ಮೇಲೆ ಆಗಲೇ ಅಂಥವೇ ನಾಲ್ಕು ತಟ್ಟೆಗಳಿದ್ದವು.

“ಇದೂ ಟ್ಯೂನಾನಾ?” ಎಂದಳು ವರ್ನಾ.

“ಹ್ಞೂಂ.”

“ಊರಿಗೆಲ್ಲ ಒಂದೇ ಮೀನು ಸಿಕ್ಕಿರೋ ಹಾಗಿದೆ. ಕೂತ್ಕೋ ಟೆಗ್. ಆ ಕಾಗದ ಓದು.”

ಓದಿದೆ. ಅವಳು ಜೋಲಿಯಲ್ಲಿದ್ದ ಕೈ ನೋಡಿಕೊಳ್ಳುತ್ತಾ ಕೂತಿದ್ದಳು.

“ನಾನು ಹಾಕ್ಕೊಂಡಿದ್ದೆ ಅಂತ ಹೇಳ್ಬೇಕು ಅನ್ಸುತ್ತೆ. ಹೇಳಕ್ಕಾಗ್ತಿಲ್ಲ. ನೆನಪೇ ಇಲ್ಲ. ನಲವತ್ತು ವರ್ಷ ಹಾಕ್ಕೊಂಡಿದೀನಿ, ಆದ್ರೆ ಆ ಒಂದಿನ ಮರೆತಿದ್ರೆ? ಬಾಗಿಲ ಹಿಂದಿನ ಮೊಳೆಯಲ್ಲೂ ಇಲ್ಲ, ಎಲ್ಲೂ ಇಲ್ಲ. ನನಗೇ ನನ್ನ ಮೇಲೆ ಅನುಮಾನ ಬರೋ ಹಾಗೆ ಮಾಡಿದ್ರಲ್ಲೇ.”

“ಆಂಬುಲೆನ್ಸಿನವರನ್ನ ಕೇಳಿದ್ಯಾ?”

“ರೋಗಿ ವಿವರ ಹೊರಗೆ ಕೊಡೋ ಹಾಗಿಲ್ವಂತೆ. ರೋಗಿ ನಾನೇ ಕಣೇ ಅಂದೆ. ಅರ್ಜಿ ಹಾಕಿ, ಎಂಟು ವಾರ ಆಗುತ್ತೆ ಅಂದ್ರು.” ಅವಳು ಪತ್ರಿಕೆಯ ತುಣುಕನ್ನು ಬೆರಳಲ್ಲಿ ತಳ್ಳಿದಳು. “ಇದನ್ನ ನೋಡು. ಹೆದ್ದಾರಿಯಂತೆ. ಅಲ್ಲಿಗೆ ನಾನ್ಯಾಕೆ ಹೋಗ್ಲಿ? ಇಪ್ಪತ್ತು ವರ್ಷ ಆಯ್ತು ಹೆದ್ದಾರಿಗೆ ಸೈಕಲ್ ಇಳಿಸಿ. ನಾನು ಬರೋದು ಬೆಣ್ಣೆ ಓಣಿಲಿ. ಗ್ರಾಂಟ್ ಗುದ್ದಿದ್ದೂ ಅಲ್ಲೇ, ಹಾಲಿನ ಡಬ್ಬ ಇಟ್ಟಿರೋ ಆ ಗೇಟ್ ಹತ್ರ. ಅವನೇ ಆಸ್ಪತ್ರೆಗೆ ಬಂದು ಹೇಳ್ದ. ಹೆಲ್ಮೆಟ್ ಇತ್ತಾ ಅಂದ್ರೆ ಗಾಬರಿಲಿ ನೋಡ್ಲಿಲ್ಲ ಅಂದ.”

ಬೆಣ್ಣೆ ಓಣಿ ಹಳೆಯ ಬೆಣ್ಣೆ ಕಾರ್ಖಾನೆಯ ಹಿಂದಿನ ದಾರಿ. ನಮ್ಮ ಮನೆಯಿಂದ ಶಾಲೆಗೆ ನಾನು ದಿನಾ ಕಾರು ಓಡಿಸುವ ದಾರಿ.  ಅವಳಿಗೆ ಏನೂ ಹೇಳದೆ ಎದ್ದು ಮನೆಗೆ ಬಂದು ದಿನಚರಿ ತೆಗೆದೆ. ಕೂಸು ಹುಟ್ಟಿದಾಗಿನಿಂದ ನಾನು ಎಲ್ಲವನ್ನೂ ಬರೆದಿಡುತ್ತೇನೆ, ಹಾಲು ಕುಡಿದದ್ದು, ಮಲಗಿದ್ದು, ಭೇದಿಯಾದದ್ದು. ಗುರುವಾರದ ಪುಟದಲ್ಲಿ ಹೀಗಿತ್ತು: ‘ನೆಲ್ ಐದೂ ಹತ್ತಕ್ಕೆ ಎದ್ದಳು. ಎಡೀ ಶೂ ಸಿಗದೆ ತಡ. ಎಂಟೂ ಇಪ್ಪತ್ತು, ಓಣಿಯಲ್ಲಿ ನೀಲಿ ಹೆಲ್ಮೆಟ್ ಬಿದ್ದಿತ್ತು, ಇಳಿದು ಗೂಟಕ್ಕೆ ಸಿಗಿಸಿದೆ. ವರ್ನಾ ಇಲ್ಲ, ಯಾಕೋ.’ ಅದೇ ಪುಟದ ಕೆಳಗೆ ನನ್ನದೇ ಅಕ್ಷರ: ‘ಪಾಪ ವರ್ನಾ, ಹೆಲ್ಮೆಟ್ ಹಾಕಿರಲಿಲ್ಲವಂತೆ.’

ನಡುವೆ ಒಂಬತ್ತು ಸಾಲು. ಹನ್ನೊಂದು ದಿನದಲ್ಲಿ ಆ ಒಂಬತ್ತು ಸಾಲು ದಾಟಿ ನನ್ನ ತಲೆ ಓಡಿರಲಿಲ್ಲ.

ಇಲ್ಲಿ ಯಾರೂ ರಸ್ತೆಯಲ್ಲಿ ಬಿದ್ದದ್ದನ್ನು ಹಾಗೇ ಬಿಟ್ಟು ಹೋಗುವುದಿಲ್ಲ. ಟೋಪಿ, ಕೈಗವುಸು, ಒಂಟಿ ಬೂಟು, ಕೂಸಿನ ಕಾಲುಚೀಲ, ಏನೇ ಇರಲಿ, ಹತ್ತಿರದ ಬೇಲಿಗೂಟಕ್ಕೆ ಸಿಗಿಸಿ ಹೋಗುತ್ತೇವೆ, ಕಳೆದುಕೊಂಡವರು ವಾಪಸು ಬರುವಾಗ ಕಾಣಲಿ ಎಂದು. ನನ್ನಮ್ಮ ಮಾಡುತ್ತಿದ್ದಳು, ನಾನೂ ಯೋಚಿಸದೆ ಮಾಡಿದೆ. ಹೆಲ್ಮೆಟ್ ಯಾರದೆಂದು ನೋಡಲೂ ಇಲ್ಲ. ಮೇಲೆ ಹಕ್ಕಿ ಹತ್ತಿರ ಬರದಿರಲೆಂದು ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಗಳು ಮುಳ್ಳಿನಂತೆ ನಿಂತಿದ್ದವು, ಆದರೆ ಮ್ಯಾಗ್ಪೈ ಹಕ್ಕಿ ಗೂಡು ಕಟ್ಟಿ ತಲೆಗೆ ಕುಕ್ಕಲು ಬರುವ ಸೆಪ್ಟೆಂಬರಿನಲ್ಲಿ ಊರಿನ ಎಲ್ಲ ಹೆಲ್ಮೆಟ್‌ಗಳೂ ಹಾಗೇ ಇರುತ್ತವೆ. ಆಮೇಲೆ ಹೆದ್ದಾರಿ ಎಂದು ಓದಿದೆ. ಓಣಿಗೂ ಹೆದ್ದಾರಿಗೂ ನಾಲ್ಕು ಕಿಲೋಮೀಟರು ದೂರ.

ಮಕ್ಕಳಿಬ್ಬರನ್ನೂ ಕಾರಿಗೆ ಹಾಕಿಕೊಂಡು ಓಣಿಗೆ ಹೋದೆ. ಹೆಲ್ಮೆಟ್ ಅಲ್ಲೇ ಇತ್ತು. ಪಕ್ಕದ ಗೂಟದಲ್ಲಿ ಯಾರದೋ ರಬ್ಬರ್ ಬೂಟು ತಲೆಕೆಳಗಾಗಿ ನಿಂತಿತ್ತು. ಹೆಲ್ಮೆಟ್ಟಿನ ಎಡಭಾಗ ಮೇಲಿಂದ ಕೆಳಗಿನವರೆಗೆ ಸೀಳಿತ್ತು, ಸೀಳಿನಲ್ಲಿ ಜಲ್ಲಿಯ ಹರಳು ಕಚ್ಚಿಕೊಂಡಿತ್ತು. ಒಳಗೆ ಬೆವರಿನ ಪಟ್ಟಿಯ ಜಾಗದಲ್ಲಿ ಹಾಲಿನಪುಡಿ ಕಾರ್ಖಾನೆಯವರು ತಲೆಗೆ ಹಾಕುವ ನೀಲಿ ಬಲೆಟೋಪಿಯನ್ನು ಮಡಿಚಿ ಹೊಲಿದಿತ್ತು. ಆಂಬುಲೆನ್ಸಿನವರು ಅವಳ ತಲೆಯಿಂದ ಬಿಡಿಸಿ ಅಲ್ಲೇ ಬಿಟ್ಟುಹೋಗಿರಬೇಕು. ಗೂಟದಲ್ಲಿ ಇದ್ದ ಹಾಗೇ ನಾಲ್ಕು ಫೋಟೋ ತೆಗೆದು ಇಳಿಸಿಕೊಂಡೆ.

ವರ್ನಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಸೀಳಿನ ಮೇಲೆ ಬೆರಳಾಡಿಸಿದಳು. ನಾನು ಅಳುತ್ತಿದ್ದೆ.

“ನೀನೇ ಸಿಗಿಸಿದ್ದಾ?”

“ಹ್ಞೂಂ. ಕ್ಷಮಿಸಿಬಿಡು ವರ್ನಾ. ಯಾರದೋ ಬಿದ್ದಿದೆ ಅಂದ್ಕೊಂಡೆ.”

“ಹನ್ನೊಂದು ದಿನ.” ಅವಳು ಹೆಲ್ಮೆಟ್ಟನ್ನು ತಿರುಗಿಸಿ ಇನ್ನೊಂದು ಬದಿ ನೋಡಿದಳು. “ಹೋಗ್ಲಿ ಬಿಡು. ಆ ಗೂಟಕ್ಕಾದ್ರೂ ತಲೆಗೆ ಏಟು ಬೀಳ್ಲಿಲ್ಲ.”

ಆಮೇಲೆ ಮುಖ ಆಚೆ ತಿರುಗಿಸಿಕೊಂಡಳು. “ಹಾಕ್ಕೊಂಡಿದ್ದೆ,” ಎಂದಳು, ನನಗಲ್ಲ.

ಇಷ್ಟು ಸಿಕ್ಕಿದ ಮೇಲೆ ಉಳಿದದ್ದು ಸುಲಭ ಎಂದುಕೊಂಡಿದ್ದೆ. ಪಕ್ಕದ ಊರಿನ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿರುವವನು ಒಬ್ಬನೇ, ಡೀನ್ ಎಂದು, ಇದೇ ಕಡೆಯ ಹುಡುಗ. ಫೋಟೋ ನೋಡುತ್ತಲೇ ಅವನ ಕಿವಿ ತುದಿ ಕೆಂಪಾಯಿತು.

“ಇದನ್ನ ನಾನು ನೋಡಿದ್ದೆ.”

“ನೋಡಿದ್ಯಾ?”

“ಬೂಟಿನ ಪಕ್ಕ ಇತ್ತಲ್ಲ. ಯಾರೋ ಕಳ್ಕೊಂಡಿದ್ದು ಅಂತ ಬಿಟ್ಟೆ. ನೆಲದ ಮೇಲೆ ಹುಡುಕಿದೆ ನಾನು.”

“ಅದಕ್ಕೆ ಹಾಕಿರ್ಲಿಲ್ಲ ಅಂತ ಬರ್ದುಬಿಟ್ಯಾ?” ಎಂದಳು ವರ್ನಾ.

“ಇಲ್ಲ ವರ್ನಾ, ಸ್ಥಳದಲ್ಲಿ ಹೆಲ್ಮೆಟ್ ಕಂಡುಬಂದಿಲ್ಲ ಅಂತಷ್ಟೇ ಕಳಿಸಿದ್ದು. ಪತ್ರಿಕೆಯವರು ಬರ್ದಿದ್ದಕ್ಕೆ ನಾನೇನು ಮಾಡ್ಲಿ? ನನ್ನ ವರದಿ ತಿದ್ದುತೀನಿ, ಆದ್ರೆ ತನಿಖೆ ಮುಗಿಯೋವರೆಗೂ ಹೊರಗೆ ಕೊಡೋ ಹಾಗಿಲ್ಲ. ಕೌನ್ಸಿಲ್‌ಗೂ ಅಷ್ಟೇ.”

ಕೌನ್ಸಿಲ್‌ಗೆ ಫೋನು ಮಾಡಿದೆ. ಫೋಟೋ ಯಾರು ಬೇಕಾದರೂ ತೆಗೆಯಬಹುದು, ದೂರು ಬಂದಿರುವುದು ಪತ್ರಿಕೆಯ ವರದಿಯ ಆಧಾರದ ಮೇಲೆ, ಆದ್ದರಿಂದ ಪತ್ರಿಕೆಯೇ ತಿದ್ದುಪಡಿ ಹಾಕಿದರೆ ಕಡತ ಮುಚ್ಚುತ್ತೇವೆ ಎಂದಳು ಅಲ್ಲಿಯ ಹೆಂಗಸು. ತುಂಬ ನಯವಾಗಿ ಹೇಳಿದಳು. ಪಾತ್ರೆ ಎಸೆಯಬೇಕು ಎನ್ನಿಸಿತು ನನಗೆ.

ಪತ್ರಿಕೆಯ ಕಚೇರಿ ಮುಖ್ಯ ಬೀದಿಯಲ್ಲಿದೆ. ಅರ್ಧ ಭಾಗವನ್ನು ಈಗ ನಾಯಿಗಳಿಗೆ ಕೂದಲು ಕತ್ತರಿಸುವವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಗೋಡೆಯಾಚೆ ಯಾವುದೋ ನಾಯಿ ಬೊಗಳುತ್ತಲೇ ಇತ್ತು. ಸಂಪಾದಕ ನೀಲ್ ಫ್ಯಾಗನ್ ದೊಡ್ಡ ದನಿಯ, ಒಳ್ಳೆ ಮನಸ್ಸಿನ ಮನುಷ್ಯ. ಎಡೀ ಹುಟ್ಟಿದಾಗ ಅವಳ ಫೋಟೋ ಪುಕ್ಕಟೆ ಹಾಕಿದ್ದ. ಮೊದಲ ಸಲ ಹೋದಾಗ ಊರಲ್ಲಿರಲಿಲ್ಲ. ಎರಡನೆಯ ಸಲ ಫುಟ್‌ಬಾಲ್ ಫೈನಲ್ಲಿನ ವಿಶೇಷ ಪುಟಗಳ ಗಡಿಬಿಡಿ. ಮೂರನೆಯ ಸಲ ಹೋಗುವಾಗ ಅಕ್ಟೋಬರ್ ಮಧ್ಯ ದಾಟಿತ್ತು. ಅವತ್ತು ವರ್ನಾ ಹೆಲ್ಮೆಟ್ಟನ್ನು ಚೀಲದಿಂದ ತೆಗೆದು ಅವನ ಕೀಲಿಮಣೆಯ ಮೇಲೆಯೇ ಇಟ್ಟಳು.

“ಪೊಲೀಸ್ರು ಕಳಿಸಿದ್ದನ್ನ ಹಾಕಿದ್ವಿ, ವರ್ನಾ.”

“ಅವರು ಕಳಿಸಿದ್ದು ಕಂಡುಬಂದಿಲ್ಲ ಅಂತ,” ಎಂದೆ ನಾನು.

“ಅದೇ ಅರ್ಥ ಅಲ್ವಾ?”

“ನಿನ್ನ ಕನ್ನಡಕ ಎಲ್ಲಿ?” ಎಂದು ಕೇಳಿದಳು ವರ್ನಾ.

ಅವನು ಜೇಬು ತಡಕಿದ. “ಮನೇಲಿ ಬಿಟ್ಟಿರ್ಬೇಕು.”

“ಇಲ್ಲಿ ಕಂಡುಬಂದಿಲ್ಲ. ನಿನಗೆ ಕನ್ನಡಕಾನೇ ಇಲ್ಲ ಅಂತ ನಾಳೆ ಹಾಕ್ತೀಯಾ?”

ನೀಲ್ ನಕ್ಕ. ವರ್ನಾ ನಗಲಿಲ್ಲ.

“ಮತ್ತೆ ಹೆದ್ದಾರಿ?” ಎಂದೆ.

“ಓಣಿ ಅಂದ್ರೆ ಹೊರಗಿನ ಓದುಗರಿಗೆ ಗೊತ್ತಾಗಲ್ಲ, ಟೆಗನ್. ಬರೆದ ಹುಡುಗಿ ಮೂರು ಊರು ನೋಡ್ಕೋತಾಳೆ, ಅರವತ್ತು ಕಿಲೋಮೀಟರು ದೂರದಲ್ಲಿ ಕೂತಿರ್ತಾಳೆ. ಸಂಜೆ ಆರಕ್ಕೆ ಹತ್ತು ನಿಮಿಷದಲ್ಲಿ ಬರೀಬೇಕು. ನಮ್ಮ ಕಷ್ಟಾನೂ ನೋಡಿ.” ಆಮೇಲೆ ಮುಖ ಅರಳಿಸಿದ. “ಒಂದು ಕೆಲಸ ಮಾಡೋಣ. ಮುಖಪುಟದಲ್ಲೇ ಹಾಕ್ತೀನಿ. ಈ ಸೀಳಿದ ಹೆಲ್ಮೆಟ್ ಹಿಡ್ಕೊಂಡು ನಿನ್ನ ಫೋಟೋ, ವರ್ನಾ. ಸುತ್ತ ಶಾಲೆ ಮಕ್ಕಳು. ‘ಹೆಲ್ಮೆಟ್ ನನ್ನ ಜೀವ ಉಳಿಸಿತು.’ ಜನ ಕಣ್ಣೀರು ಹಾಕ್ತಾರೆ.”

ನನಗೆ ಒಳಗೊಳಗೇ ಹೌದೆನ್ನಿಸಿತು. ಮುಖಪುಟದಲ್ಲಿ ಬಂದರೆ ಕೌನ್ಸಿಲ್ ಮರುಮಾತಾಡುವುದಿಲ್ಲ, ಕೊಟ್ಟ ಗಡುವಿಗೆ ಎರಡೇ ವಾರ ಉಳಿದಿತ್ತು. ತೊಡೆಯ ಮೇಲೆ ನೆಲ್ ಕಿರಿಕಿರಿ ಮಾಡುತ್ತಿದ್ದಳು. ಒಪ್ಪಿಕೊಂಡುಬಿಡು ಎಂದು ವರ್ನಾಳ ಕಾಲಿಗೆ ಕಾಲು ತಾಗಿಸಿದೆ.

“ಅದರಲ್ಲಿ ನಿಮ್ಮ ತಪ್ಪಿನ ಮಾತು ಇರುತ್ತಾ?” ಎಂದಳು ಅವಳು.

“ಹಳೇದನ್ನ ಯಾಕೆ ಕೆದಕೋದು? ಒಳ್ಳೆ ಸುದ್ದಿ ಇದು.”

“ಗುದ್ದಿದ್ದು ಯಾರು ಅಂತ?”

“ಹೆಸರು ಹಾಕೋ ಹಾಗಿಲ್ಲ. ತನಿಖೆ ನಡೀತಿದೆ.”

“ಹೆಸರು ಕೇಳ್ತಿಲ್ಲ ನೀಲ್. ಗ್ರಾಂಟ್ ಮೇಲೆ ನನಗೇನೂ ಸಿಟ್ಟಿಲ್ಲ, ಆಸ್ಪತ್ರೆಗೆ ಬಂದು ಅತ್ತು ಹೋದ. ನಾನು ಹೇಳ್ತಿರೋದು ಇಷ್ಟೇ. ಯೂಟಿಗೆ ಡಿಕ್ಕಿಯಾಗಿ ಅಂತ ಬರ್ದಿದೀರಿ. ನಾನೇ ಹೋಗಿ ಗುದ್ದಿದ ಹಾಗಿದೆ. ಅದು ನನ್ನ ಹಿಂದಿನಿಂದ ಬಂದಿದ್ದು. ಬಿಸಿಲು ಕಾರಣ ಅಂತೀರಿ, ನನ್ನ ಬಟ್ಟೆ ಕಾರಣ ಅಂತೀರಿ, ಯೂಟಿಗೆ ಎಷ್ಟು ಗೀರು ಬಿತ್ತು ಅಂತಾನೂ ಹೇಳ್ತೀರಿ. ಆ ಯೂಟಲ್ಲಿ ಯಾರೂ ಕೂತಿರ್ಲಿಲ್ವಾ? ತಾನೇ ಓಡ್ಕೊಂಡು ಬಂತಾ? ಒಳಗೆ ಒಬ್ಬ ಮನುಷ್ಯ ಇದ್ದ ಅಂತಾದ್ರೂ ಬರಿ. ಬರೆಯೋದಾದ್ರೆ ಫೋಟೋ ತೆಗಿ, ಮಕ್ಕಳನ್ನ ನಿಲ್ಸು, ಬೇಕಾದ್ರೆ ನಾನೂ ಅಳ್ತೀನಿ.”

 ನೀಲ್ ಹೆಲ್ಮೆಟ್ಟನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಭಾರಕ್ಕೆ ತಾನೇ ಮೂಡಿದ್ದ ಅಕ್ಷರಗಳನ್ನು ಪರದೆಯ ಮೇಲಿಂದ ಅಳಿಸಿದ.

“ನಾವು ಹಾಗೆ ಬರೆಯಲ್ಲ, ವರ್ನಾ. ಯಾರೂ ಹಾಗೆ ಬರೆಯಲ್ಲ.”

“ಹಾಗಾದ್ರೆ ತಿದ್ದುಪಡಿ ಸಾಕು.”

ಹೊರಗೆ ಬಂದ ಮೇಲೆ ನಾನು ಅವಳ ಮೇಲೆ ಸಿಡುಕಿದೆ. ಮುಖಪುಟ ಬಿಟ್ಟುಬಂದೆಯಲ್ಲ, ಕೆಲಸ ಹೋದರೆ ಏನು ಮಾಡುತ್ತೀಯ ಎಂದೆ. ಅವಳು ನನ್ನ ತಳ್ಳುಗಾಡಿಯ ಹಿಡಿಗೆ ನೋವಿಲ್ಲದ ಕೈ ಇಟ್ಟುಕೊಂಡು ನಡೆಯುತ್ತಿದ್ದಳು.

“ಆ ಫೋಟೋ ಬಂದ್ರೆ ಮಕ್ಕಳು ಏನು ಕಲೀತಾರೆ ಹೇಳು. ಹೆಲ್ಮೆಟ್ ಹಾಕಿ, ಯಾರು ಗುದ್ದಿದ್ರೂ ಥ್ಯಾಂಕ್ಸ್ ಹೇಳಿ ಅಂತಾನಾ? ನಾನು ದಿನಾ ಅವರಿಗೆ ಹೇಳೋದು ಬೇರೆ. ಗಾಡಿ ನೋಡ್ಬೇಡಿ, ಒಳಗಿರೋರ ಕಣ್ಣು ನೋಡಿ, ಅವರು ನಿಮ್ಮನ್ನ ನೋಡಿದ್ರೆ ಮಾತ್ರ ಕಾಲು ಇಡಿ ಅಂತ.”

 ನನ್ನ ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗಲೂ ಇಲ್ಲ.

ಗಡುವಿಗೆ ಮೂರು ದಿನ ಇರುವಾಗ ತಿದ್ದುಪಡಿ ಬಂತು. ಹದಿನಾಲ್ಕನೆಯ ಪುಟ, ಮೇಲೆ ದನದ ಸಂತೆಯ ವರದಿ, ಕೆಳಗೆ ನೆಟ್‌ಬಾಲ್ ಫಲಿತಾಂಶ: ‘ಸೆಪ್ಟೆಂಬರ್ ತಿಂಗಳ ವರದಿಯೊಂದರಲ್ಲಿ ಸೈಕಲ್ ಸವಾರರು ಹೆಲ್ಮೆಟ್ ಧರಿಸಿರಲಿಲ್ಲ ಎಂದಿತ್ತು. ನಂತರ ದೊರೆತ ಮಾಹಿತಿಯಂತೆ ಅವರು ಹೆಲ್ಮೆಟ್ ಧರಿಸಿದ್ದರು. ಅದನ್ನು ಸ್ಥಳೀಯರೊಬ್ಬರು ಸ್ಥಳದಿಂದ ತೆಗೆದಿದ್ದರು.’ ಹೆದ್ದಾರಿಯ ಸುದ್ದಿ ಇಲ್ಲ, ಹಿಂದಿನಿಂದ ಬಂದದ್ದಿಲ್ಲ. ಫೇಸ್‌ಬುಕ್ಕಿನ ಹಳೆಯ ವರದಿ ಹಾಗೇ ಇದೆ, ಈಗಲೂ ಯಾರಾದರೂ ಬಂದು ಅದರ ಕೆಳಗೆ ಬೈದು ಹೋಗುತ್ತಾರೆ.

ಕೊನೆಯ ಸಾಲಿನಿಂದ ಊರಿಗೆ ತಮಾಷೆಗೆ ಸಿಕ್ಕಿದ್ದು ನಾನು. “ಟೆಗ್, ನನ್ನ ಟೋಪಿ ಕಾಣ್ತಿಲ್ಲ, ಯಾವ ಗೂಟಕ್ಕೆ ಹಾಕಿದೀಯ?” ಎಂದು ಮಾಂಸದಂಗಡಿಯಲ್ಲಿ ಕೇಳುತ್ತಾರೆ. ಕೇಳಲಿ.

ಕೌನ್ಸಿಲ್‌ನವರು ಆ ತುಣುಕನ್ನು ಕಡತಕ್ಕೆ ಸೇರಿಸಿಕೊಂಡು ವರ್ನಾಳನ್ನು ಕೆಲಸಕ್ಕೆ ಕರೆದರು. ನವೆಂಬರಿನ ಮೊದಲ ಸೋಮವಾರ ಅವಳು ಹೊಸ ಹೆಲ್ಮೆಟ್ ಹಾಕಿಕೊಂಡು ಓಣಿಯಲ್ಲೇ ಸೈಕಲ್ ತುಳಿದು ಬಂದಳು. ಕೊರಳೆಲುಬು ಇನ್ನೂ ಪೂರ್ತಿ ಕೂಡಿರಲಿಲ್ಲ, ಕೋಲನ್ನು ಎಡಗೈಯಲ್ಲಿ ಹಿಡಿದಿದ್ದಳು. ಎಡೀ ಕೇಳದೆಯೇ ಹೋಗಿ ಕೋಲಿನ ತುದಿ ಹಿಡಿದಳು.

ವರ್ನಾ ರಸ್ತೆಯ ನಡುವೆ ಹೋಗಿ ಹಲಗೆ ಎತ್ತಿದಳು. ಎರಡೂ ಕಡೆ ವಾಹನ ನಿಂತವು. ನಮ್ಮ ಕಡೆಯ ಸಾಲಿನಲ್ಲಿ ಮೊದಲು ನಿಂತದ್ದು ಬಿಳಿಯ ಯೂಟ್, ಮುಂಭಾಗದ ಎಡಮೂಲೆಯಲ್ಲಿ ಇನ್ನೂ ಸರಿಮಾಡಿಸದ ಗೀರು. ಗ್ರಾಂಟ್ ಎಲ್ಲರಿಗೂ ನಮಸ್ಕಾರಕ್ಕೆ ಮಾಡುವಂತೆ ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತಿದ. ಆಮೇಲೆ ಅದು ಸಾಲದೆನ್ನಿಸಿತೇನೋ, ಇಡೀ ಕೈ ಎತ್ತಿದ.

ಮಕ್ಕಳು ದಾಟಲು ಹೊರಟರು. ವರ್ನಾ ಅವರನ್ನು ಕೈ ಅಡ್ಡ ಇಟ್ಟು ತಡೆದಳು. ಬಗ್ಗಿ, ಗಾಜಿನಾಚೆ ನಿಧಾನವಾಗಿ ನೋಡಿದಳು. ಹಿಂದೆ ಹಾಲಿನ ಲಾರಿಯವನು ಹಾರ್ನ್ ಹೊಡೆದ. ಅವಳು ಕದಲಲಿಲ್ಲ.

“ಒಳಗೆ ಯಾರಾದ್ರೂ ಇದಾರಾ ನೋಡು,” ಎಂದಳು ಎಡೀಗೆ.

ಎಡೀ ಕಾಲ್ಬೆರಳ ಮೇಲೆ ನಿಂತು ಇಣುಕಿದಳು. “ಒಬ್ಬರು ಇದಾರೆ.”

“ನಿನ್ನನ್ನ ನೋಡ್ತಿದಾರಾ?”

“ಹ್ಞೂಂ. ನೋಡ್ತಿದಾರೆ.”

“ಹಾಗಾದ್ರೆ ನಡಿ,” ಎಂದಳು ವರ್ನಾ.